ಹೊಸ ನೀರಿಗೆ ಯಾರ ಬಲಿ?

1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಒಂದು ಕೆರೆ ಕಟ್ಟುವುದನ್ನು ನೋಡಿ ಬರೆದಿಟ್ಟಿದ್ದಾನೆ. ಎರಡು ಗುಡ್ಡಗಳ ನಡುವೆ ಕೃಷ್ಣದೇವರಾಯ ಏರಿ ಹಾಕಿಸುತ್ತಿದ್ದ. 15ರಿಂದ 20 ಸಾವಿರ ಜನ ಇರುವೆಗಳ ಹಾಗೆ ಅಲ್ಲಿ ಮುತ್ತಿಕೊಂಡಿದ್ದರು. ಆದರೂ ಕೆರೆ ಎರಡು ಮೂರು ಸಲ ಒಡೆಯಿತು. ಯಾಕೆ ಅಂತ ರಾಯ ಕೇಳಿದ. ದೇವರಿಗೆ ಅಸಮಾಧಾನವಾಗಿದೆ, ಮನುಷ್ಯರ, ಕುದುರೆಗಳ, ಕೋಣಗಳ ರಕ್ತ ಬೇಕು ಎಂಬ ಉತ್ತರ ಬಂತು. ಗುಡಿಯ ಬಾಗಿಲಲ್ಲಿ 60 ಜನರ ತಲೆ ಉರುಳಿತು ಅನ್ನುತ್ತಾನೆ ಪಾಯಸ್. ಅವನ ನಂತರ ಬರೆದ ನೂನಿಜ್ ಇನ್ನೊಂದು ವಿವರ ಸೇರಿಸುತ್ತಾನೆ: ಬಲಿಯಾದವರು ಮರಣದಂಡನೆಗೆ ಯೋಗ್ಯರಾಗಿದ್ದ ಕೈದಿಗಳು. ಕೆರೆಯ ಕೆಲಸಕ್ಕೆ ಪೋರ್ಚುಗೀಸರ ಕಡೆಯಿಂದ ಕಲ್ಲುಕೆಲಸ ಬಲ್ಲ ಒಬ್ಬ ತಜ್ಞನೂ ಬಂದಿದ್ದ ಅಂತಲೂ ಅವನೇ ಹೇಳುತ್ತಾನೆ. ಹೊಸಪೇಟೆಯ ಪಕ್ಕದಲ್ಲಿ, ಸಂಡೂರು ಬೆಟ್ಟಗಳ ಬಾಯಲ್ಲಿರುವ ದೊಡ್ಡ ಏರಿಯೇ ಆ ಕೆರೆಯದು ಎಂದು ಇತಿಹಾಸಕಾರರು ಗುರುತಿಸುತ್ತಾರೆ. ನಮ್ಮ ಕಡೆ ಅದನ್ನು ರಾಯರ ಕೆರೆ ಅಂತಾರೆ. ಈಗ ಅಲ್ಲಿ ಕೆರೆಗಿಂತ ಬೇಸಾಯವೇ ಜಾಸ್ತಿ.

ಇದು ವಿದೇಶಿಯರು ಕಟ್ಟಿದ ಕತೆ ಅಂತ ತಳ್ಳಿಹಾಕೋಣ ಅಂದ್ರೆ ನಮ್ಮದೇ ‘ಕೆರೆಗೆ ಹಾರ’ ಇದೆಯಲ್ಲ. ಶಾಲೆಯಲ್ಲಿ ಓದಿದವರಿಗೆಲ್ಲ ಗೊತ್ತು: ಊರಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಸೊಸೆಯನ್ನು ಹಾರ ಕೊಡಬೇಕು ಎಂದಾಯಿತು. ಹಿರಿಸೊಸೆಯನ್ನು ಕೊಟ್ಟರೆ ಮನೆ ನೋಡುವವರು ಯಾರು? ಅದಕ್ಕೇ ಕಿರಿಸೊಸೆ ಭಾಗೀರಥಿ. ಈ ಲೆಕ್ಕಾಚಾರವನ್ನು ಗಮನಿಸಿ. ರಾಯನಿಗೆ ಕೈದಿಗಳು, ಗೌಡನಿಗೆ ಕಿರಿಸೊಸೆ. ಹೊಸ ನೀರು ಯಾಕೆ ನಿಲ್ಲುತ್ತಿಲ್ಲ ಅಂತ ಗೊತ್ತಾಗದಿದ್ದಾಗ ಯಾರೋ ಒಬ್ಬರು ಬೆಲೆ ತೆರಬೇಕು. ಆ ಒಬ್ಬರು ಯಾವಾಗಲೂ ತೀರ್ಮಾನ ಮಾಡುವವರಿಗೆ ಕಡಿಮೆ ನಷ್ಟ ತರುವವರು.

ಇದೆಲ್ಲ ನನಗೆ ನೆನಪಾಗಿದ್ದು ಒಂದು ಗಾಜಿನ ತೊಟ್ಟಿಯಿಂದ. ನಮ್ಮಕ್ಕನ ಮನೆ ಇರೋದು ಕಡ್ಡಿರಾಂಪುರದಲ್ಲಿ, ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ. ಅವಳ ಮಗ ಬೆಂಗಳೂರಿನ ಕಂಪನಿಗೆ ಊರಿನಿಂದಲೇ ಕೆಲಸ ಮಾಡ್ತಾನೆ. ಲ್ಯಾಪ್‌ಟಾಪ್ ಪಕ್ಕ ಇರ್ಲಿ ಅಂತ 60 ಲೀಟರಿನ ಅಕ್ವೇರಿಯಂ, ಆರು ಗೋಲ್ಡ್‌ಫಿಶ್ ಒಂದೇ ದಿನ ತಂದು, ಬೋರಿನ ನೀರು ತುಂಬಿಸಿ, ಅವತ್ತೇ ಸಂಜೆ ಮೀನು ಬಿಟ್ಟಿದ್ದ. ಎಂಟನೇ ದಿನ ಫೋನು. “ನೀರು ಕನ್ನಡಿ ಇದ್ದಂಗೈತಿ ಮಾಮ. ಮೀನು ಯಾಕ ಮ್ಯಾಲ ಬಂದು ಬಾಯಿ ಬಡೀತಾವು?” ಅಷ್ಟರಲ್ಲಿ ಎರಡು ಸತ್ತಿದ್ದವು. ಅಂಗಡಿಯಲ್ಲಿ ಕೇಳಿದ್ದಕ್ಕೆ, “ಹೊಸ ಟ್ಯಾಂಕಲ್ಲಿ ಒಂದೆರಡು ಹೋಗೇ ಹೋಗ್ತಾವೆ, ಆಮೇಲೆ ಸೆಟ್ ಆಗುತ್ತೆ” ಅಂದರಂತೆ.

ಒಂದೆರಡು ಹೋದರೆ ಸೆಟ್ ಆಗುತ್ತೆ ಅನ್ನೋದು ರಾಯರ ಕೆರೆಯ ಮಾತೇ. ವಿಚಿತ್ರ ಏನಂದ್ರೆ ಅದು ಪೂರ್ತಿ ಸುಳ್ಳೂ ಅಲ್ಲ. ಹೊಸ ಅಕ್ವೇರಿಯಂ ನಿಜವಾಗಲೂ ಕೆಲವು ವಾರಗಳ ನಂತರ ಸರಿಹೋಗುತ್ತದೆ. ಆದರೆ ಅದು ಸರಿಹೋಗುವುದು ಸತ್ತ ಮೀನಿನಿಂದಲ್ಲ. ಯಾವುದರಿಂದ ಅಂತ ಗೊತ್ತಾಗಿದ್ದರ ಕತೆ ಚೆನ್ನಾಗಿದೆ.

1850ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ತನ್ನ ಗಾಜಿನ ತೊಟ್ಟಿಯೊಂದರ ಬಗ್ಗೆ ಪ್ರಬಂಧ ಓದಿದ. ಎರಡು ಪುಟ್ಟ ಗೋಲ್ಡ್‌ಫಿಶ್, ವ್ಯಾಲಿಸ್ನೇರಿಯಾ ಎಂಬ ನೀರುಗಿಡ, ಕೊಳೆತ ಎಲೆ ತಿನ್ನಲು ಬಸವನಹುಳುಗಳು. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಅದನ್ನು ಉಸಿರಾಡುತ್ತದೆ, ಹೀಗೆ ಸಮತೋಲ ಅಂತ ಅವನ ವಿವರಣೆ. ಮೂರೇ ವರ್ಷದಲ್ಲಿ, 1853ರಲ್ಲಿ, ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಇಂಗ್ಲೆಂಡಿನ ಮಧ್ಯಮವರ್ಗದ ಹಜಾರಗಳಿಗೆಲ್ಲ ಗಾಜಿನ ತೊಟ್ಟಿ ಬಂತು. ಆದರೆ ವಾರಿಂಗ್ಟನ್ ಲೆಕ್ಕದಲ್ಲಿ ಒಂದು ಜಮಾಖರ್ಚು ಬಿಟ್ಟುಹೋಗಿತ್ತು. ಮೀನು ಕಿವಿರಿನಿಂದ ಸದಾ ಅಮೋನಿಯಾ ಬಿಡುತ್ತದೆ. ಅದು ಬಣ್ಣವಿಲ್ಲದ ವಿಷ. ನೀರು ಕನ್ನಡಿಯ ಹಾಗಿದ್ದರೂ ಅದರೊಳಗೆ ಇರಬಹುದು. ಅದು ಎಲ್ಲಿಗೆ ಹೋಗುತ್ತದೆ?

ಇದರ ಅರ್ಧ ಉತ್ತರ ನಮ್ಮ ಕೊಟ್ಟಿಗೆಗಳಲ್ಲಿ ಶತಮಾನಗಳಿಂದ ಇತ್ತು. ದನದ ಗಂಜಲ ಹೀರಿದ ಮಣ್ಣಿನಲ್ಲಿ, ಹಳೇ ಮಣ್ಣುಗೋಡೆಯ ಬುಡದಲ್ಲಿ ಬಿಳೀ ಪುಡಿ ಹೂತುಕೊಳ್ಳುತ್ತದೆ. ಆ ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಕಾಸಿದರೆ ಪೆಟ್ಲುಪ್ಪು. ಉಪ್ಪಾರ ಸಮುದಾಯದ ಹಿರಿಯರು ಮಣ್ಣಿನಿಂದ ಉಪ್ಪು, ಪೆಟ್ಲುಪ್ಪು ತೆಗೆಯುವುದರಲ್ಲಿ ಪಳಗಿದವರಾಗಿದ್ದರು. ಪೆಟ್ಲುಪ್ಪಿಗೆ ಇದ್ದಿಲು, ಗಂಧಕ ಸೇರಿದರೆ ಮದ್ದಿನ ಪುಡಿ. 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ವಿಜಯನಗರದ ಹಬ್ಬದಲ್ಲಿ ನೋಡಿ ಬೆರಗಾದ ಬಾಣಬಿರುಸಿನ ಹಿಂದೆ ಇದ್ದದ್ದು ಇದೇ ಉಪ್ಪು. ಅಂದ್ರೆ ಗಂಜಲದ ಗಬ್ಬುನಾತದ ಅಮೋನಿಯಾ ಮಣ್ಣಿನೊಳಗೆ ನೈಟ್ರೇಟ್ ಆಗುತ್ತಿತ್ತು. ಆಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಮಾಡುವವರು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬಿಬ್ಬರು ಒಂದು ಕೊಳವೆಗೆ ಮರಳು, ಸುಣ್ಣಕಲ್ಲು ತುಂಬಿ ಮೇಲಿಂದ ನಿಧಾನಕ್ಕೆ ಚರಂಡಿ ನೀರು ಹರಿಸಿದರು. ಸುಮಾರು 20 ದಿನ ಏನೂ ಆಗಲಿಲ್ಲ, ಅಮೋನಿಯಾ ಹೋದ ಹಾಗೇ ಕೆಳಗೆ ಬಂತು. ಆಮೇಲೆ ಅಮೋನಿಯಾ ಕಡಿಮೆಯಾಗಿ ನೈಟ್ರೇಟ್ ಬರಲು ಶುರುವಾಯಿತು. ಕ್ಲೋರೋಫಾರ್ಮ್ ಹಬೆ ಹಾಯಿಸಿದರು, ಕೆಲಸ ನಿಂತಿತು. ಸ್ವಲ್ಪ ಮಣ್ಣು ಕದಡಿದ ನೀರು ಹಾಕಿದರು, ಮತ್ತೆ ಶುರುವಾಯಿತು. ಬರೀ ರಾಸಾಯನಿಕ ಕ್ರಿಯೆಗೆ ಹೀಗೆ ಮಂಪರು ಬರುವುದಿಲ್ಲ, 20 ದಿನ ಕಾಯಿಸುವ ಅಗತ್ಯವೂ ಇರುವುದಿಲ್ಲ. ಒಳಗೆ ಜೀವ ಇದೆ, ಅದು ಮೊದಲು ಬೆಳೆಯಬೇಕು. ನನ್ನ ಲೆಕ್ಕದಲ್ಲಿ ಅಕ್ವೇರಿಯಂ ಸೈಕಲ್ ಆಗುವುದನ್ನು ಪ್ರಯೋಗಶಾಲೆಯಲ್ಲಿ ಮೊದಲು ನೋಡಿದವರು ಇವರೇ. ಮೀನು ಮಾತ್ರ ಇರಲಿಲ್ಲ ಅಷ್ಟೇ.

ಮುಂದಿನ ಹೆಜ್ಜೆ ಇಟ್ಟವನ ಹೆಸರೂ ರಾಬರ್ಟ್ ವಾರಿಂಗ್ಟನ್. ಗಾಜಿನ ತೊಟ್ಟಿಯ ವಾರಿಂಗ್ಟನ್ನನ ಮಗ! ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಮಗ, ಈ ಕ್ರಿಯೆ ಎರಡು ಮೆಟ್ಟಿಲಿನದು ಎಂದು ತೋರಿಸಿದ. ಮೊದಲು ಅಮೋನಿಯಾ ನೈಟ್ರೈಟ್ ಆಗುತ್ತದೆ, ಆಮೇಲೆ ನೈಟ್ರೈಟ್ ನೈಟ್ರೇಟ್ ಆಗುತ್ತದೆ. 1890ರಲ್ಲಿ ಜೂರಿಕ್‌ನಲ್ಲಿದ್ದ ರಷ್ಯಾದ ಸೆರ್ಗೈ ವಿನೋಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದ. ಅಪ್ಪನ ತೊಟ್ಟಿಯ ಬಿಟ್ಟುಹೋದ ಲೆಕ್ಕಕ್ಕೆ ಮಗನ ಹೊಲದಿಂದ ಉತ್ತರ ಬಂದ ಹಾಗಾಯಿತು.

ಅಕ್ವೇರಿಯಂ ಹವ್ಯಾಸಕ್ಕೆ ಈ ತಿಳಿವು ಇಳಿಯೋಕೆ ಮಾತ್ರ ಬಹಳ ಕಾಲ ಹಿಡಿಯಿತು. ಇಳಿದ ಮೇಲೂ ಬಂದ ಸಲಹೆ ಏನು ಗೊತ್ತಾ? ಬ್ಯಾಕ್ಟೀರಿಯಾ ಬೆಳೆಯಲು ಅಮೋನಿಯಾ ಬೇಕು, ಅಮೋನಿಯಾಕ್ಕೆ ಮೀನು ಬೇಕು. ಆದ್ದರಿಂದ ಮೊದಲು ಅಗ್ಗದ, ಗಟ್ಟಿಜೀವದ ಒಂದೆರಡು ಮೀನು ಬಿಡಿ. ಬದುಕಿದರೆ ಸರಿ, ಸತ್ತರೆ ಹೆಚ್ಚು ನಷ್ಟವಿಲ್ಲ. ದುಬಾರಿ ಮೀನು ಆಮೇಲೆ ತನ್ನಿ. ಕೈದಿಗಳ, ಕಿರಿಸೊಸೆಯ ಲೆಕ್ಕ ವಿಜ್ಞಾನದ ಅಂಗಿ ತೊಟ್ಟು ಬಂತು. ಈಚಿನ ದಶಕಗಳಲ್ಲಿ ಇದಕ್ಕೆ ಬೇರೆ ದಾರಿ ಬಂದಿದೆ: ಮೀನೇ ಇಲ್ಲದೆ, ಬಾಟಲಿಯ ಅಮೋನಿಯಾ ಹನಿಸಿ ತೊಟ್ಟಿಯನ್ನು ಮೊದಲು ಸಿದ್ಧಮಾಡಿಕೊಳ್ಳೋದು. ಇನ್ನೂ ತೊಟ್ಟಿ ತಂದಿಲ್ಲದವರಿಗೆ ಅದೇ ಒಳ್ಳೇದು. ಆದರೆ ಮೀನು ಆಗಲೇ ನೀರಲ್ಲಿದೆ ಅಂದ್ರೆ?

ನಮ್ಮ ಹುಡುಗನ ಪ್ರಶ್ನೆ ಅದೇ ಆಗಿತ್ತು. ಮೊದಲು ಟೆಸ್ಟ್ ಕಿಟ್ ತರಿಸು ಅಂದೆ. ಅಮೋನಿಯಾ 2 ಪಿಪಿಎಂ, ಪಿಎಚ್ 8. ಈ ಎರಡನೇ ಅಂಕಿ ಮುಖ್ಯ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಅದರಲ್ಲಿ ಒಂದು ಮಾತ್ರ ಹೆಚ್ಚು ವಿಷ. ಪಿಎಚ್ 7ರಿಂದ 8ಕ್ಕೆ ಏರಿದರೆ ಆ ವಿಷರೂಪದ ಪಾಲು ಹೆಚ್ಚುಕಡಿಮೆ 10 ಪಟ್ಟಾಗುತ್ತದೆ. ಬಿಸಿ ಏರಿದರೆ ಇನ್ನೂ ಜಾಸ್ತಿ. ಗಡಸು ಬೋರ್ ನೀರು, ಬಳ್ಳಾರಿ ಸೀಮೆಯ ಬಿಸಿಲು ಎರಡೂ ಸೇರಿದ ಕಡೆ, ತಣ್ಣನೆ ದೇಶದವರು ಬರೆದ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸೋ ಹಾಗಿಲ್ಲ.

ಅವತ್ತೇ ಅರ್ಧ ನೀರು ತೆಗೆದು ಅಷ್ಟೇ ಬಿಸಿಯ ಹೊಸ ನೀರು ತುಂಬಿಸಿದ. ಮರುದಿನ ಮತ್ತೆ ಅಳೆದು, ಮತ್ತೆ ಅರ್ಧ. ಆಮೇಲೆ ಅಮೋನಿಯಾ ಆಗಲಿ ನೈಟ್ರೈಟ್ ಆಗಲಿ 0.5 ಪಿಪಿಎಂ ಮುಟ್ಟಿದಾಗಲೆಲ್ಲ ನೀರು ಬದಲು. ನಲ್ಲಿ ನೀರಿನವರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಲೇಬೇಕು, ಯಾಕಂದ್ರೆ ಕ್ಲೋರಿನ್ ಮೀನಿನ ಕಿವಿರನ್ನೂ ಸುಡುತ್ತದೆ, ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಊಟ ದಿನ ಬಿಟ್ಟು ದಿನ, ಒಂದು ಚಿಟಿಕೆ. ತಿಂದದ್ದೇ ಅಮೋನಿಯಾ ಆಗೋದು. ಅಕ್ಕನಿಗೆ ಇದು ಸರಿಬರಲಿಲ್ಲ: “ಉಪವಾಸ ಕೆಡವಿ ಸಾಯಿಸ್ತೀರೇನಪ್ಪ ಅವನ್ನ?” ಮೀನಿಗೆ ಎರಡು ದಿನದ ಉಪವಾಸ ಏಕಾದಶಿ ಇದ್ದ ಹಾಗೆ, ಏನಾಗಲ್ಲ ಅಂತ ಒಪ್ಪಿಸಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಹೆಪ್ಪು. ಹಾಲು ತನಗೆ ತಾನೇ ಮೊಸರಾಗಲಿ ಅಂತ ಯಾರಾದರೂ ಕಾಯ್ತಾರಾ? ಪಕ್ಕದ ಮನೆಯಿಂದ ಒಂದು ಚಮಚ ತರ್ತೀವಿ. ಇಲ್ಲೂ ಅಷ್ಟೇ. ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವುದು ಕಡಿಮೆ, ಸ್ಪಂಜಿನಲ್ಲಿ, ಕಲ್ಲಿನಲ್ಲಿ ಅಂಟಿಕೊಂಡಿರುತ್ತದೆ. ಹೊಸಪೇಟೆಯಲ್ಲಿ ಗೆಳೆಯನೊಬ್ಬನ ಎರಡು ವರ್ಷದ ಆರೋಗ್ಯವಂತ ತೊಟ್ಟಿಯಿಂದ ಅರ್ಧ ಸ್ಪಂಜು ಕತ್ತರಿಸಿ, ಅದೇ ನೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಯೊಳಗೆ ಕಡ್ಡಿರಾಂಪುರದ ಫಿಲ್ಟರಿಗೆ ಸೇರಿಸಿದ. ಈ ಜೀವಗಳಿಗೆ ಉಸಿರಾಡಲು ಆಮ್ಲಜನಕ ಬೇಕು. ಅದಕ್ಕೇ ಕರೆಂಟ್ ಹೋದಾಗ ಓಡಲು ಒಂದು ಬ್ಯಾಟರಿ ಪಂಪೂ ಬಂತು.

ಎರಡನೇ ವಾರ ಅಮೋನಿಯಾ ಇಳಿಯಿತು, ನೈಟ್ರೈಟ್ ಏರಿತು. ಕಿರಿಯ ವಾರಿಂಗ್ಟನ್ ಹೇಳಿದ ಎರಡು ಮೆಟ್ಟಿಲು ಟೆಸ್ಟ್ ಕಿಟ್ಟಿನ ಬಣ್ಣದಲ್ಲಿ ಕಾಣುತ್ತಿತ್ತು. ನೈಟ್ರೈಟ್ ಮೀನಿನ ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸುತ್ತದೆ, ರಕ್ತ ಕಂದಾಗುತ್ತದೆ. ಅದಕ್ಕೆ ಮದ್ದು ಅಡುಗೆಮನೆಯಲ್ಲೇ ಇದೆ. ಉಪ್ಪಿನ ಕ್ಲೋರೈಡ್ ಇದ್ದರೆ ನೈಟ್ರೈಟ್ ಕಿವಿರಿನ ಮೂಲಕ ಒಳಗೆ ಹೋಗಲು ಅಷ್ಟು ಜಾಗ ಸಿಗುವುದಿಲ್ಲ. ತೊಟ್ಟಿಗೆಲ್ಲ ಸೇರಿ ಒಂದೆರಡು ಚಮಚ ಕಲ್ಲುಪ್ಪು ಕರಗಿಸಿ ಹಾಕಿದ. ಐದನೇ ವಾರ ಎರಡೂ ಸೊನ್ನೆ, ನೈಟ್ರೇಟ್ ಮಾತ್ರ ಉಳಿಯಿತು. ಆ ನೀರನ್ನು ವಾರಕ್ಕೊಮ್ಮೆ ತೆಗೆದು ಅಕ್ಕ ಮಲ್ಲಿಗೆ ಬಳ್ಳಿಗೆ ಹಾಕ್ತಾಳೆ. ಉಳಿದ ನಾಲ್ಕು ಮೀನೂ ಬದುಕಿವೆ. ದೊಡ್ಡದಾಗ್ತಾ ಇವೆ, ಅವಕ್ಕೆ ದೊಡ್ಡ ತೊಟ್ಟಿ ಬೇಕು ಅನ್ನೋದು ಮುಂದಿನ ತಲೆನೋವು.

ವಿಜ್ಞಾನವೂ ಇಲ್ಲಿಗೆ ನಿಂತಿಲ್ಲ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ನೈಟ್ರೈಟ್ ತಿನ್ನುವುದು ಪುಸ್ತಕಗಳು ಹೇಳುತ್ತಿದ್ದ ಬ್ಯಾಕ್ಟೀರಿಯಾ ಅಲ್ಲ, ನೈಟ್ರೋಸ್ಪೈರಾ ಬಳಗದ್ದು ಅಂತ 1998ರಲ್ಲಿ ಗೊತ್ತಾಯಿತು. 2005ರಲ್ಲಿ ಅಮೆರಿಕದ ಸಿಯಾಟಲ್ ಅಕ್ವೇರಿಯಂನ ತೊಟ್ಟಿಯೊಂದರಿಂದಲೇ, ಬ್ಯಾಕ್ಟೀರಿಯಾ ಅಲ್ಲದ ಆರ್ಕಿಯಾ ಎಂಬ ಜೀವವೊಂದು ಅಮೋನಿಯಾ ತಿಂದು ಬದುಕುವುದನ್ನು ಬೇರ್ಪಡಿಸಿ ತೋರಿಸಿದರು. 2015ರಲ್ಲಿ ಎರಡೂ ಮೆಟ್ಟಿಲನ್ನು ಒಂದೇ ಜೀವ ಹತ್ತಬಲ್ಲದು ಎಂಬುದೂ ಪತ್ತೆಯಾಯಿತು. ಅದನ್ನು ಕಂಡ ಒಂದು ತಂಡಕ್ಕೆ ಆ ಜೀವ ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲಿ.

ರಾಯನಿಗೆ ಏರಿ ಯಾಕೆ ಒಡೆಯಿತು ಅಂತ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಆ 60 ಜನರ ಸಾವನ್ನು ಸರಿಮಾಡುವುದಿಲ್ಲ, ಆದರೆ ಅವನ ಭಯ ನನಗೆ ಅರ್ಥವಾಗುತ್ತದೆ. ನಮಗೆ ಆ ನೆಪವೂ ಇಲ್ಲ. ಕೆಲವು ನೂರು ರೂಪಾಯಿಯ ಟೆಸ್ಟ್ ಕಿಟ್, ಒಂದು ಬಕೆಟ್, ಐದಾರು ವಾರದ ತಾಳ್ಮೆ ಇದ್ದರೆ ಯಾರೂ ಸಾಯಬೇಕಿಲ್ಲ. ಮುಂದಿನ ಸಲ ಅಂಗಡಿಯಲ್ಲಿ ಯಾರಾದರೂ “ಒಂದೆರಡು ಹೋಗ್ತಾವೆ” ಅಂದರೆ, ಒಂದು ಹಳೇ ಸ್ಪಂಜು ಇದ್ದರೆ ಕೊಡಿ ಅಂತ ಕೇಳಿ. ಸಾಮಾನ್ಯವಾಗಿ ದುಡ್ಡಿಲ್ಲದೇ ಕೊಡ್ತಾರೆ.