ಅಂಜಿಕೆಯ ಮಾತಿಗೆ ಕಿವಿಗೊಟ್ಟ ನಂಬಿಕೆ

ಕಲಬುರಗಿಯ ನೆಹರು ಗಂಜಿನಲ್ಲಿ ಚಿಂತೆ ಇಲ್ಲದವರು ಸಿಗುವುದು ಕಷ್ಟ. ತೊಗರಿ ತಂದ ರೈತನಿಗೆ ದರದ ಚಿಂತೆ, ದಾಲ್ ಮಿಲ್ಲಿನವನಿಗೆ ಮಾಲಿನ ಚಿಂತೆ, ಹಮಾಲನಿಗೆ ನಾಳೆ ಲಾರಿ ಬರುತ್ತದೋ ಇಲ್ಲವೋ ಎನ್ನುವ ಚಿಂತೆ. ಇವೆಲ್ಲ ರೂಢಿಯಾದವು. 2020ರ ಮಾರ್ಚಿನಲ್ಲಿ ಬಂದದ್ದು ಬೇರೆಯದೇ ಅಂಜಿಕೆ. ಆ ತಿಂಗಳ 10ರಂದು ತೀರಿಕೊಂಡ ಕಲಬುರಗಿಯ ವೃದ್ಧರೊಬ್ಬರದು ದೇಶದ ಮೊದಲ ಕೊರೊನಾ ಸಾವೆಂದು 12ರಂದು ಖಚಿತವಾಯಿತು. ಮುಂದೆ ಲಾಕ್‌ಡೌನ್ ಬಂದು ಗುಡಿ, ದರ್ಗಾ, ಚರ್ಚು ಎಲ್ಲದಕ್ಕೂ ಬೀಗ ಬಿತ್ತು. 27ರ ಸಂಜೆ ರೋಮಿನ ಖಾಲಿ ಚೌಕದಲ್ಲಿ ಮಳೆಯ ನಡುವೆ ನಿಂತ ಪೋಪ್ ಫ್ರಾನ್ಸಿಸ್, ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಯೇಸುವಿನ ಶಿಷ್ಯರು ಹೆದರಿ ಕೂಗಿಕೊಂಡ ಕಥೆಯನ್ನೇ ಪ್ರಸಂಗಕ್ಕೆ ಎತ್ತಿಕೊಂಡರು.

ಭಯಕ್ಕೆ ಕ್ರೈಸ್ತ ನಂಬಿಕೆ ಏನು ಮದ್ದು ಕೊಟ್ಟಿತು ಎಂದು ಹುಡುಕಹೊರಟರೆ ಎರಡು ಸಾವಿರ ವರ್ಷದ ದಾಸ್ತಾನಿದೆ. ನಮ್ಮ ಸೀಮೆಗೆ ತಾಕುವ ಎಳೆಯನ್ನಷ್ಟೇ ಇಲ್ಲಿ ಹಿಡಿಯುತ್ತೇನೆ.

ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅದರಲ್ಲಿರುವ ನೂರೈವತ್ತು ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಾಟದ್ದು. ನಿದ್ದೆಯಿಲ್ಲದೆ ಹಾಸಿಗೆ ನೆನೆಯುವಷ್ಟು ಅಳುವ, ದೇವರೇ ಕೈಬಿಟ್ಟನೆಂದು ಜಗಳಕ್ಕೆ ನಿಲ್ಲುವ ಭಕ್ತ ಅಲ್ಲಿದ್ದಾನೆ. ವಚನಕಾರರನ್ನೂ ದಾಸರನ್ನೂ ಕೇಳಿ ಬೆಳೆದವರಿಗೆ ಈ ಜಗಳ ಹೊಸದಲ್ಲ. ಆದರೆ ಪ್ರಸಂಗಪೀಠ ಬಹುಕಾಲ ಗೋಳನ್ನು ಬದಿಗಿಟ್ಟು ಅಭಯವನ್ನಷ್ಟೇ ಎತ್ತಿಕೊಂಡಿತು. ಹೆದರಬೇಡ ಎಂದು ಹೇಳುವುದು ಸುಲಭ. ಯಾತಕ್ಕೆ ಹೆದರಿದ್ದೀ ಎಂದು ಕೇಳುತ್ತ ಕೂರುವುದಕ್ಕೆ ಪುರುಸೊತ್ತು ಬೇಕು.

ಆ ಪುರುಸೊತ್ತು ಮಾಡಿಕೊಂಡವರಲ್ಲಿ ಮೆಥೊಡಿಸ್ಟರು ಮುಖ್ಯರು. ಕಲಬುರಗಿ, ಬೀದರಗಳು ನಿಜಾಮನ ಸೀಮೆಯಾಗಿದ್ದಾಗ ಇಲ್ಲಿ ಸಭೆ ಕಟ್ಟಿದವರು ಅಮೆರಿಕದ ಮೆಥೊಡಿಸ್ಟ್ ಮಿಶನರಿಗಳು. ಆ ಪಂಥದ ಹುಟ್ಟಿನಲ್ಲೇ ಒಂದು ಹೆದರಿಕೆಯ ಕಥೆಯಿದೆ. 1736ರ ಜನವರಿಯಲ್ಲಿ ಅಮೆರಿಕಕ್ಕೆ ಹೊರಟ ಹಡಗು ಬಿರುಗಾಳಿಗೆ ಸಿಕ್ಕಿ ದೊಡ್ಡ ಹಾಯಿ ಹರಿದಾಗ ಮುಂದೆ ಆ ಪಂಥ ಕಟ್ಟಿದ ಪಾದ್ರಿ ಜಾನ್ ವೆಸ್ಲಿಗೆ ಜೀವ ಬಾಯಿಗೆ ಬಂತು. ಅದೇ ಹಡಗಿನಲ್ಲಿದ್ದ ಮೊರಾವಿಯನ್ ಪಂಥದ ಜರ್ಮನರು ಮಾತ್ರ ಹೆಂಗಸರು ಮಕ್ಕಳೆನ್ನದೆ ಕೀರ್ತನೆ ಹಾಡುತ್ತಲೇ ಇದ್ದರು. ಬೋಧಿಸುವ ತನಗಿಲ್ಲದ ಧೈರ್ಯ ಇವರಿಗೆ ಎಲ್ಲಿಂದ ಬಂತೆಂದು ವೆಸ್ಲಿ ಮುಂದೆ ಎರಡು ವರ್ಷ ಕೊರಗಿದರು. 1738ರ ಮೇ 24ರಂದು ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟವೊಂದರಲ್ಲಿ ಅವರ ಮನಸ್ಸಿಗೆ ಭರವಸೆ ಸಿಕ್ಕಿತು. ಅಷ್ಟಾದರೂ ಶಂಕೆಗಳು ಆಮೇಲೂ ಕಾಡಿದವು. ಭಕ್ತಿಚರಿತ್ರೆಗಳು ಈ ಭಾಗವನ್ನು ಸಾಮಾನ್ಯವಾಗಿ ನುಂಗಿಬಿಡುತ್ತವೆ.

ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು 1742ರಲ್ಲಿ ಬ್ರಿಸ್ಟಲ್‌ನಲ್ಲಿ ನಡೆದದ್ದು. ಪ್ರಾರ್ಥನಾ ಮಂದಿರ ಕಟ್ಟಿದ ಸಾಲ ಅಲ್ಲಿನ ಮೆಥೊಡಿಸ್ಟರ ಮೈಮೇಲಿತ್ತು. ತಲೆಗೆ ವಾರಕ್ಕೊಂದು ಪೆನ್ನಿ ಎತ್ತುವುದು, ಹನ್ನೆರಡು ಜನಕ್ಕೆ ಒಬ್ಬ ವಸೂಲಿಗಾರ ಎಂದಾಯಿತು. ಪೆನ್ನಿ ಕೇಳಲು ಮನೆಗೆ ಹೋದವನ ಕಣ್ಣಿಗೆ ಮನೆಯ ಸ್ಥಿತಿ ಬಿತ್ತು: ಯಾರು ಕುಡಿಯುತ್ತಾರೆ, ಯಾರು ಜಗಳದಲ್ಲಿದ್ದಾರೆ, ಯಾರು ಕುಸಿದು ಕೂತಿದ್ದಾರೆ. ಸಾಲ ತೀರಿಸುವ ಏರ್ಪಾಡೇ ವಾರಕ್ಕೊಮ್ಮೆ ಸೇರಿ ಕಷ್ಟಸುಖ ಬಿಚ್ಚಿಡುವ ಕ್ಲಾಸ್ ಮೀಟಿಂಗ್ ಆಯಿತು. ಇಂದಿನ ಮನೆ ಪ್ರಾರ್ಥನೆಗಳನ್ನು ಕಂಡಾಗ ನನಗೆ ನೆನಪಾಗುವುದು ಅದೇ. ಚಾಪೆ ಹಾಸಿ ಹತ್ತು ಹದಿನೈದು ಜನ ಕೂರುತ್ತಾರೆ. ಹಾಡು, ವಾಕ್ಯ ಮುಗಿದ ಮೇಲೆ ಪ್ರಾರ್ಥನೆ ಬೇಕಾದವರು ಹೇಳಿ ಎಂದಾಗ ಮೂಲೆಯಿಂದ ಒಂದು ದನಿ: “ಅಯ್ಯನವರ, ರಾತ್ರಿ ನಿದ್ದಿ ಹತ್ತವಲ್ದರಿ, ಎದಿ ಡವಡವ ಅಂತದ.” ಹೇಳಿಕೊಂಡಾಗಲೇ ಅರ್ಧ ಭಾರ ಇಳಿದಿರುತ್ತದೆ.

ಇದೇ ಮೆಥೊಡಿಸ್ಟ್ ಪಂಥದ ಮಿಶನರಿ ಇ. ಸ್ಟ್ಯಾನ್ಲಿ ಜೋನ್ಸ್ 1907ರಲ್ಲಿ ಭಾರತಕ್ಕೆ ಬಂದವರು. ಎಂಟು ವರ್ಷ ಎಡೆಬಿಡದೆ ದುಡಿದು ಮನಸ್ಸೂ ಮೈಯೂ ಕುಸಿದವು. ರಜೆಯ ಮೇಲೆ ಊರಿಗೆ ಹೋಗಿ ಮರಳಿದ ಮೇಲೂ ಮತ್ತೆ ಮತ್ತೆ ಹಾಗೇ ಆಯಿತು. ಕೊನೆಗೆ ಲಖನೌದಲ್ಲಿ ಪ್ರಾರ್ಥನೆಯಲ್ಲಿದ್ದಾಗ ಹೊರೆ ಇಳಿದ ಅನುಭವವಾಯಿತೆಂದು ಅವರು 1925ರ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು. ಇನ್ನೊಬ್ಬರಾಗಿದ್ದರೆ ಪ್ರಾರ್ಥನೆಯೊಂದೇ ಸಾಕೆಂದು ಊರೂರು ಸಾರುತ್ತಿದ್ದರೇನೋ. ಜೋನ್ಸ್ 1950ರಲ್ಲಿ ಅದೇ ಲಖನೌದಲ್ಲಿ ನೂರ್ ಮಂಜಿಲ್ ಎಂಬ ಮನೋವೈದ್ಯಕೀಯ ಕೇಂದ್ರ ತೆರೆದರು. ಅಲ್ಲಿ ವೈದ್ಯ, ಔಷಧಿ, ಪ್ರಾರ್ಥನೆ ಒಂದೇ ಸೂರಿನಡಿ ಬಂದವು. ಅದಕ್ಕೂ ಮೊದಲು, 1925ರಲ್ಲಿ, ಅಮೆರಿಕದ ಆಂಟನ್ ಬಾಯ್ಸನ್ ಎಂಬ ಪಾದ್ರಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಮಾನಸಿಕ ಆಸ್ಪತ್ರೆಗೆ ಕರೆದೊಯ್ದು ರೋಗಿಗಳ ಮಾತು ಕೇಳಲು ಕೂರಿಸಿದ್ದರು. ಅವರೂ ಒಮ್ಮೆ ಅಂಥ ಆಸ್ಪತ್ರೆಯಲ್ಲಿ ರೋಗಿಯಾಗಿದ್ದವರೇ. ಪಾದ್ರಿಗಳಿಗೆ ಆಪ್ತಸಮಾಲೋಚನೆಯ ತರಬೇತಿ ಕೊಡುವ ಕ್ರಮ ಬೆಳೆದದ್ದು ಅಲ್ಲಿಂದ. ಮುಂದೆ ಅದು ವೆಲ್ಲೂರಿಗೂ ಬಂತು.

ಮೊದಲ ಕನ್ನಡ ಬೈಬಲಿನ ಬಳ್ಳಾರಿಯಲ್ಲೇ 1980ರ ದಶಕದಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ನಿಮ್ಹಾನ್ಸ್ ತಂಡ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವುದನ್ನು ಕಲಿಸಿತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆ ಬೈಬಲಿಗೂ ಈ ಪ್ರಯೋಗಕ್ಕೂ ಸಂಬಂಧವಿಲ್ಲ, ಬರೀ ಕಾಕತಾಳೀಯ. ಆದರೂ ಅಂಜಿದವರ ಪಾಲಿಗೆ ಎರಡೂ ದಾರಿ ಒಂದೇ ಊರಿನಿಂದ ಹೊರಟಿವೆ.

ನಂಬಿಕೆಯಿಂದ ಕೆಡುಕೂ ಆಗಬಹುದು. ಕಾಯಿಲೆಯನ್ನು ದೇವರ ಶಿಕ್ಷೆಯೆಂದು, ದೇವರು ತನ್ನನ್ನು ಕೈಬಿಟ್ಟನೆಂದು ಎಣಿಸಿದ ವೃದ್ಧ ರೋಗಿಗಳಲ್ಲಿ ಸಾವಿನ ಸಂಭವ ಹೆಚ್ಚಿದ್ದುದನ್ನು ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. “ನಿನಗೆ ವಿಶ್ವಾಸ ಸಾಲದು, ಅದಕ್ಕೇ ಈ ಕಳವಳ” ಎಂದು ಸ್ವಸ್ಥತೆಯ ಕೂಟದ ವೇದಿಕೆಯಿಂದ ಗದರುವವರು ಹೆದರಿದವನ ಮೇಲೆ ಅಪರಾಧದ ಹೊರೆಯನ್ನೂ ಹೇರುತ್ತಾರೆ. ಮಾತ್ರೆ ಬಿಡು ಎಂದರಂತೂ ಅದು ಅಪಾಯವೇ. ಇದು ಒಂದೇ ಧರ್ಮಕ್ಕೆ ಅಂಟಿದ ರೋಗವಲ್ಲ.

2022ರ ಅಕ್ಟೋಬರಿನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೂ ಮಾತಾಡಬಹುದು. ನಿದ್ದೆ ಹತ್ತದೆ ಎಷ್ಟು ದಿನವಾಯಿತು, ಊಟ ಸೇರುತ್ತಿದೆಯೇ, ಬದುಕು ಸಾಕೆನಿಸಿದೆಯೇ ಎಂದು ವಿಚಾರಿಸಲು ಸಭಾಪಾಲಕರು ಮನೋವೈದ್ಯರೇ ಆಗಬೇಕಿಲ್ಲ. ಕೊನೆಯ ಪ್ರಶ್ನೆಗೆ ಹೌದೆಂಬ ಉತ್ತರ ಬಂದರೆ ಆ ಸಂಖ್ಯೆಗೆ ಚಾಪೆಯ ಮೇಲಿಂದ ಏಳುವ ಮೊದಲೇ ಫೋನ್ ಹಚ್ಚಬೇಕು, ಆ ರಾತ್ರಿ ಅವರನ್ನು ಒಬ್ಬರೇ ಬಿಡಬಾರದು.