ಸೊಂಟದ ಕೀಲು ಮತ್ತು ಒಂದು ಕೋನ

ಒರಳಿನ ಗುಳಿಯಲ್ಲಿ ಗುಂಡುಕಲ್ಲು ತಿರುಗುವುದನ್ನು ಕಂಡವರಿಗೆ ಸೊಂಟದ ಕೀಲಿನ ರಚನೆಯನ್ನು ತಿಳಿಸುವುದು ಕಷ್ಟವಲ್ಲ. ತೊಡೆಯ ಮೂಳೆಯ ದುಂಡನೆಯ ತಲೆಯು ಸೊಂಟದ ಮೂಳೆಯ ಗುಳಿಯೊಳಗೆ ಕುಳಿತು ತಿರುಗುತ್ತದೆ. ಗುಳಿ ಸಾಕಷ್ಟು ಆಳವಾಗಿದ್ದರೆ ಮೈಯ ಭಾರ ಅಗಲವಾಗಿ ಹರಡುತ್ತದೆ. ಆಳ ಸಾಲದಿದ್ದರೆ ಭಾರವೆಲ್ಲ ಅಂಚಿನ ಮೇಲೆ ಬಿದ್ದು, ಮೂಳೆಗಳ ನಡುವಣ ನುಣುಪಾದ ಮೃದ್ವಸ್ಥಿ ಬೇಗ ಸವೆಯುತ್ತದೆ.

ಹುಟ್ಟಿನಲ್ಲೇ ಕೀಲು ತಪ್ಪಿದ ಮಕ್ಕಳನ್ನು ಗ್ರೀಸಿನ ಹಿಪೊಕ್ರೆಟಿಸನ ಕಾಲದಿಂದಲೂ ವೈದ್ಯರು ಬಲ್ಲರು. ಕೀಲು ತಪ್ಪದೆ, ಗುಳಿಯ ಆಳ ಮಾತ್ರ ಕಡಮೆಯಾದವರ ಪಾಡು ಬೇರೆ. ಅವರು ಎಲ್ಲರಂತೆ ನಡೆದು ಓಡಿ ಬೆಳೆಯುತ್ತಾರೆ. ಇವರಲ್ಲಿ ಹೆಂಗಸರೇ ಹೆಚ್ಚು. ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ತೊಡೆಸಂದಿನ ನೋವು ತಲೆದೋರಿದಾಗ ಹೊರನೋಟಕ್ಕೆ ದೋಷವೇನೂ ಕಾಣಿಸದು.

1895ರಲ್ಲಿ ಜರ್ಮನಿಯ ರಾಂಟ್ಜೆನ್ನರು ಕ್ಷ-ಕಿರಣಗಳನ್ನು ಕಂಡುಹಿಡಿದ ಮೇಲೆ ಒಳಗಿನ ಮೂಳೆ ಕಣ್ಣಿಗೆ ಬಿತ್ತು. ಆದರೆ ಒಬ್ಬ ವೈದ್ಯರಿಗೆ ‘ಆಳ ಸಾಲದು’ ಎನಿಸಿದ ಗುಳಿ ಇನ್ನೊಬ್ಬರಿಗೆ ‘ಪರವಾಗಿಲ್ಲ’ ಎನಿಸಬಹುದಲ್ಲವೆ? 1925ರಲ್ಲಿ ಪ್ರಾಗಿನ ಹಿಲ್ಗೆನ್‌ರೈನರ್ ಅವರು ಎಳೆಮಕ್ಕಳ ಕೀಲನ್ನು ಅಳೆಯುವ ಕ್ರಮವೊಂದನ್ನು ಸೂಚಿಸಿದರು. ಅದಕ್ಕೆ ಗುಳಿಯ ನಡುವೆ ಬೆಳೆಯುತ್ತಿರುವ ಮೃದ್ವಸ್ಥಿಯೇ ಗುರುತು. ವಯಸ್ಕರಲ್ಲಿ ಆ ಗುರುತು ಮೂಳೆಯಾಗಿ ಬೆಸೆದು ಮರೆಯಾಗಿರುತ್ತದೆ.

ಬೆಳೆದವರಿಗೆ ಒಪ್ಪುವ ಅಳತೆಯನ್ನು 1939ರಲ್ಲಿ ಕೊಟ್ಟವರು ಸ್ವೀಡನ್ನಿನ ಗುನ್ನಾರ್ ವಿಬರ್ಗ್. ಅವರ ವಿಧಾನ ಬಹು ಸರಳ. ಚಿತ್ರದಲ್ಲಿ ತೊಡೆಮೂಳೆಯ ತಲೆಯ ನಡುಬಿಂದುವನ್ನು ಗುರುತಿಸಿ, ಅಲ್ಲಿಂದ ನೇರ ಮೇಲಕ್ಕೆ ಒಂದು ಗೆರೆ, ಗುಳಿಯ ಹೊರ ಅಂಚಿಗೆ ಇನ್ನೊಂದು ಗೆರೆ ಎಳೆಯಬೇಕು. ಇವೆರಡರ ನಡುವಣ ಕೋನ 25 ಡಿಗ್ರಿ ಮೀರಿದರೆ ತಲೆಯ ಮೇಲೆ ಸಾಕಷ್ಟು ಮಾಡು ಇದೆಯೆಂದರ್ಥ. 20ಕ್ಕಿಂತ ಕಡಮೆಯಾದರೆ ದೋಷ. ನಡುವಿನದು ಸಂದೇಹದ ಎಲ್ಲೆ. ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ವಿಬರ್ಗರು, ಕೋನ ಕಿರಿದಾದಷ್ಟೂ ಕೀಲು ಬೇಗ ಸವೆಯುವುದನ್ನು ತೋರಿಸಿದರು. ವಯಸ್ಸಿನ ಫಲವೆಂದುಕೊಂಡಿದ್ದ ಸವೆತಕ್ಕೆ ಆಕಾರವೂ ಕಾರಣವಾಗಬಲ್ಲದೆಂಬುದು ಹೀಗೆ ಅಂಕೆಯಲ್ಲಿ ಸಿಕ್ಕಿತು.

ಆದರೂ ಚಿತ್ರವೆಂಬುದು ನೆರಳು. ಎದುರಿನಿಂದ ತೆಗೆದ ಚಿತ್ರದಲ್ಲಿ ಗುಳಿಯ ಮುಂಭಾಗದ ಕೊರತೆ ಅಡಗಿರಬಹುದು. ಅದಕ್ಕಾಗಿ 1961ರಲ್ಲಿ ಫ್ರಾನ್ಸಿನ ಲೆಕೆನ್ ಮತ್ತು ದ ಸೆಜ್ ಅವರು ರೋಗಿಯನ್ನು ಓರೆಯಾಗಿ ನಿಲ್ಲಿಸಿ ಚಿತ್ರ ತೆಗೆಯುವ ಕ್ರಮವನ್ನು ತಂದರು. ಸೊಂಟ ತುಸು ವಾಲಿದ್ದರೂ ಕೋನ ಬದಲಾಗುವುದರಿಂದ, ಅಂಕೆಯೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ.

ಈ ಅಳತೆಗೆ ಹೆಚ್ಚಿನ ಬೆಲೆ ಬಂದದ್ದು ಚಿಕಿತ್ಸೆ ಮುಂದುವರಿದಾಗ. 1984ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಗಾಂಟ್ಸ್ ಅವರು ಗುಳಿಯ ಸುತ್ತಲಿನ ಮೂಳೆಯನ್ನು ಕತ್ತರಿಸಿ, ಗುಳಿಯನ್ನೇ ತಿರುಗಿಸಿ ಕೂರಿಸುವ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ಕೀಲು ಇನ್ನೂ ಸವೆಯದಿದ್ದರೆ ಮಾತ್ರ ಇದು ಚೆನ್ನಾಗಿ ಫಲಿಸುತ್ತದೆ; ಪೂರ್ತಿ ಸವೆದವರಿಗೆ ಉಳಿಯುವುದು ಕೃತಕ ಕೀಲು. ಇಂದು ಗಣಕಯಂತ್ರವೇ ಗೆರೆ ಎಳೆಯಬಲ್ಲದು. ಆದರೆ ಹರೆಯದವರ ತೊಡೆಸಂದಿನ ನೋವು ಮಾಯದೆ ಉಳಿದಾಗ, ಅದನ್ನು ಉಳುಕೆಂದು ತಳ್ಳಿಹಾಕದೆ ಸಕಾಲದಲ್ಲಿ ಚಿತ್ರ ತೆಗೆಸಿ ನೋಡುವ ಎಚ್ಚರ ಮನುಷ್ಯರಿಗೇ ಇರಬೇಕು.