ಒತ್ತಕ್ಷರದ ಒರೆಗಲ್ಲು: ಹೊಸಪೇಟೆ ಸೀಮೆಯಲ್ಲಿ ಮೊಬೈಲ್ ವೇದಿಕೆಗಳ ಪೈಪೋಟಿಯ ಚರಿತ್ರೆ

ಆಂಡ್ರಾಯ್ಡ್ ಉತ್ತಮವೋ ಆ್ಯಪಲ್ ಕಂಪನಿಯ ಐಒಎಸ್ ಉತ್ತಮವೋ ಎಂಬ ವಾದ ಸಾಮಾನ್ಯವಾಗಿ ಕ್ಯಾಮೆರಾ, ಬ್ಯಾಟರಿ, ಬೆಲೆಗಳ ಸುತ್ತಲೇ ನಡೆಯುತ್ತದೆ. ಆದರೆ ತುಂಗಭದ್ರೆಯ ಬಲದಂಡೆಯ ಹೊಸಪೇಟೆ, ಹಂಪಿ, ಕಂಪ್ಲಿಗಳಲ್ಲಿ ಮತ್ತು ಅವುಗಳ ದಕ್ಷಿಣಕ್ಕೆ ಗುಡ್ಡಗಳ ನಡುವೆ ಇರುವ ಸಂಡೂರಿನಲ್ಲಿ ಈ ಪೈಪೋಟಿಯ ಚರಿತ್ರೆಯನ್ನು ಬರೆಯಹೊರಟರೆ ಬೇರೊಂದು ಪ್ರಶ್ನೆ ಮುಂದೆ ನಿಲ್ಲುತ್ತದೆ: ಯಾವ ಮೊಬೈಲು ಕನ್ನಡದ ಒತ್ತಕ್ಷರವನ್ನು ಯಾವಾಗ ಸರಿಯಾಗಿ ತೋರಿಸಿತು, ಯಾವಾಗ ಬರೆಯಗೊಟ್ಟಿತು, ಎಷ್ಟು ಹಣಕ್ಕೆ? 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಹೊಸಪೇಟೆ ಮತ್ತು ಹಂಪಿ ಆ ಜಿಲ್ಲೆಗೆ ಸೇರಿ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೂ ಗದ್ದೆ, ಗಣಿ, ಪ್ರವಾಸೋದ್ಯಮ ಮತ್ತು ವಿಶ್ವವಿದ್ಯಾಲಯಗಳನ್ನು ಒಟ್ಟಿಗೆ ಹೊಂದಿರುವ ಈ ಸೀಮೆಯು ಇಂತಹ ಪ್ರಶ್ನೆಯನ್ನು ಒರೆಗೆ ಹಚ್ಚಲು ತಕ್ಕ ನೆಲವಾಗಿದೆ. ಇಲ್ಲಿ ‘ವೇದಿಕೆ’ ಎಂದರೆ ಯಂತ್ರ, ಅದನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆ ಮತ್ತು ಆ್ಯಪ್‌ಗಳನ್ನು ಒದಗಿಸುವ ಮಳಿಗೆ, ಈ ಮೂರೂ ಕೂಡಿದ ಒಟ್ಟು ಏರ್ಪಾಡು ಎಂದು ತಿಳಿಯಬೇಕು.

ಈ ಪೈಪೋಟಿಗೆ ಮೊಬೈಲಿಗಿಂತ ಹಳೆಯದಾದ ಪೂರ್ವಚರಿತ್ರೆಯಿದೆ. ಕೆ. ಅನಂತಸುಬ್ಬರಾಯರು ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆಯನ್ನು ರೂಪಿಸಿದ ಮೇಲೆ ಕಚೇರಿಗಳ ಕನ್ನಡ ದಶಕಗಳ ಕಾಲ ಆ ಜೋಡಣೆಯಲ್ಲೇ ನಡೆಯಿತು. ಕಂಪ್ಯೂಟರ್ ಬಂದಾಗ ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ಕೆ.ಪಿ. ರಾವ್ ಅವರು, ಇಂಗ್ಲಿಷ್ ಕೀಲಿಗಳ ಧ್ವನಿಯನ್ನೇ ಆಧರಿಸಿ ಕನ್ನಡ ಅಕ್ಷರಗಳನ್ನು ಹೊಂದಿಸುವ ಸರಳ ವಿನ್ಯಾಸವನ್ನು ಕಂಡುಹಿಡಿದರು. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶವೂ ಸರ್ಕಾರದ ಅಧಿಕೃತ ಕೀಲಿಮಣೆಯೂ ಈ ವಿನ್ಯಾಸವನ್ನೇ ತಳಹದಿಯಾಗಿ ಇರಿಸಿಕೊಂಡವು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಹೊರತಂದ ‘ಬರಹ’ವು ಇಂಗ್ಲಿಷ್ ಲಿಪಿಯಲ್ಲಿ ಉಚ್ಚಾರಣೆಯನ್ನು ಬರೆದರೆ ಕನ್ನಡವಾಗಿ ಮಾರ್ಪಡಿಸುವ ದಾರಿಯನ್ನು ಜನಪ್ರಿಯಗೊಳಿಸಿತು. ಕೇಂದ್ರ ಸರ್ಕಾರದ ವಿದ್ಯುನ್ಮಾನ ಇಲಾಖೆ 1986ರಲ್ಲಿ ನಿಗದಿಪಡಿಸಿದ ‘ಇನ್‌ಸ್ಕ್ರಿಪ್ಟ್’ ವಿನ್ಯಾಸವು ಇವೆರಡಕ್ಕೂ ಹೊರತಾದ ಮೂರನೆಯ ಪಂಥವಾಗಿತ್ತು.

ಕೀಲಿಮಣೆಗಳ ಈ ಪೈಪೋಟಿಯಲ್ಲಿ ಹಂಪಿಗೂ ಪಾಲಿದೆ. 1991ರಲ್ಲಿ ಆರಂಭವಾಗಿ, ಚಂದ್ರಶೇಖರ ಕಂಬಾರರು ಮೊದಲ ಕುಲಪತಿಗಳಾಗಿದ್ದ ಕನ್ನಡ ವಿಶ್ವವಿದ್ಯಾಲಯವು ಕಮಲಾಪುರದ ಬಳಿ ‘ವಿದ್ಯಾರಣ್ಯ’ ಎಂಬ ತನ್ನ ಆವರಣದಲ್ಲಿ ನೆಲೆಗೊಂಡ ಮೇಲೆ, ಕನ್ನಡವನ್ನು ಹೊಸ ಜ್ಞಾನದ ಭಾಷೆಯಾಗಿ ಬೆಳೆಸುವ ತನ್ನ ಉದ್ದೇಶದ ಒಂದು ಅಂಗವಾಗಿ ತಂತ್ರಾಂಶದ ಕಡೆಗೂ ಗಮನ ಹರಿಸಿತು. ಕನ್ನಡ ತಂತ್ರಾಂಶಗಳ ವಿಷಯದಲ್ಲಿ ತೀವ್ರ ಕಾಳಜಿ ತೋರಿದ್ದ ಪೂರ್ಣಚಂದ್ರ ತೇಜಸ್ವಿಯವರ ಪ್ರೇರಣೆಯಿಂದ ಅಲ್ಲಿ ‘ಕುವೆಂಪು ಕನ್ನಡ ತಂತ್ರಾಂಶ’ ಸಿದ್ಧವಾಯಿತು. ಅದೇ ವಿಶ್ವವಿದ್ಯಾಲಯವು ಕೆ.ಪಿ. ರಾವ್ ಅವರಿಗೆ ತನ್ನ ಗೌರವ ಪದವಿಯಾದ ‘ನಾಡೋಜ’ವನ್ನು ನೀಡಿ, ಕೀಲಿಮಣೆಯ ಕೆಲಸವೂ ನುಡಿಸೇವೆಯೇ ಎಂಬುದನ್ನು ಒಪ್ಪಿಕೊಂಡಿತು.

ಕೀಲಿಮಣೆಯ ಈ ಮೂರು ಪಂಥಗಳ ನಡುವಿನ ವ್ಯತ್ಯಾಸವನ್ನು ‘ಕಂಪ್ಲಿ’ ಎಂಬ ಊರ ಹೆಸರಿನಲ್ಲೇ ಕಾಣಬಹುದು. ಕಣ್ಣಿಗೆ ಎರಡೇ ಅಕ್ಷರಗಳಾಗಿ ಕಾಣುವ ಈ ಹೆಸರು ಯಂತ್ರದ ಒಳಗೆ ಆರು ಘಟಕಗಳ ಸಾಲು: ಕಕಾರ, ಅನುಸ್ವಾರ, ಪಕಾರ, ಸ್ವರವನ್ನು ತೆಗೆದುಹಾಕುವ ವಿರಾಮ ಚಿಹ್ನೆ, ಲಕಾರ, ಇಕಾರದ ಗುಣಿತ ಚಿಹ್ನೆ. ‘ನುಡಿ’ಯಲ್ಲಿ ಪಕಾರಕ್ಕೂ ಲಕಾರಕ್ಕೂ ನಡುವಿನ ಬೆಸುಗೆಯನ್ನು ‘ಎಫ್’ ಕೀಲಿ ಮಾಡುತ್ತದೆ. ಇನ್‌ಸ್ಕ್ರಿಪ್ಟ್‌ನಲ್ಲಿ ಆ ಕೆಲಸ ‘ಡಿ’ ಕೀಲಿಯದು, ಅಲ್ಲಿ ‘ಎಫ್’ ಒತ್ತಿದರೆ ಮೂಡುವುದು ಇಕಾರದ ಗುಡಿಸು. ‘ಬರಹ’ದಲ್ಲಾದರೆ ಎರಡು ವ್ಯಂಜನಗಳನ್ನು ಒಂದರ ಹಿಂದೆ ಒಂದು ಒತ್ತಿದರೆ ಸಾಕು, ಒತ್ತು ತಾನಾಗಿಯೇ ಕೂಡಿಕೊಳ್ಳುತ್ತದೆ. ಒಂದು ಪದ್ಧತಿಯಲ್ಲಿ ಬೆರಳು ಪಳಗಿದವರಿಗೆ ಇನ್ನೊಂದು ಪರಕೀಯವೆನಿಸುವುದು ಇದರಿಂದಲೇ, ಮತ್ತು ಮುಂದೆ ಮೊಬೈಲ್ ಕೊಳ್ಳುವಾಗ ‘ನಮ್ಮ ಕೀಬೋರ್ಡ್ ಇದರಲ್ಲಿದೆಯೇ’ ಎಂಬ ಪ್ರಶ್ನೆ ಎದ್ದದ್ದೂ ಇದರಿಂದಲೇ.

ಕೀಲಿಮಣೆಗಿಂತ ಆಳದಲ್ಲಿದ್ದ ತೊಡಕು ಸಂಕೇತೀಕರಣದ್ದು, ಅಂದರೆ ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದದ್ದು. ಆರಂಭದ ಕನ್ನಡ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆಯೇ ಕನ್ನಡದ ತುಂಡು ಆಕಾರಗಳನ್ನು ಕೂರಿಸುತ್ತಿದ್ದುದರಿಂದ, ಒಂದು ಡಿಟಿಪಿ ಅಂಗಡಿಯಲ್ಲಿ ಸಿದ್ಧವಾದ ಕಡತವು ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಬಂದದ್ದು ಯುನಿಕೋಡ್. ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ 1991ರಲ್ಲೇ ಪ್ರಕಟವಾದ ಅದರ ಮೊದಲ ಆವೃತ್ತಿ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವನ್ನು ಕೊಟ್ಟಿತು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಎಂಬ ಯುನಿಕೋಡ್ ಫಾಂಟ್ ಸಾಮಾನ್ಯ ಕಂಪ್ಯೂಟರುಗಳನ್ನು ತಲುಪಿತು. ವಿಜಯನಗರದ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆಗಳ ಒಂದೇ ನೀರು ಬಾಳೆಯ ತೋಟಕ್ಕೂ ಕಬ್ಬಿನ ಗದ್ದೆಗೂ ಭತ್ತದ ಮಡಿಗೂ ಹರಿಯುವಂತೆ, ತಳದಲ್ಲಿ ಒಂದೇ ಸಂಕೇತವಿದ್ದರೆ ಮೇಲೆ ಎಷ್ಟು ಕೀಲಿಮಣೆಗಳಾದರೂ ಎಷ್ಟು ಕಂಪನಿಗಳಾದರೂ ಇರಬಹುದು ಎಂಬ ಅರಿವು ಈ ಘಟ್ಟದಲ್ಲಿ ಮೂಡಿತು.

ಸ್ಮಾರ್ಟ್‌ಫೋನ್‌ಗಳು ಈ ಸೀಮೆಗೆ ಕಾಲಿಟ್ಟದ್ದು ಸಂಡೂರಿನ ಗುಡ್ಡಗಳಲ್ಲಿ ಅದಿರಿನ ವ್ಯಾಪಾರ ಉತ್ತುಂಗದಲ್ಲಿದ್ದ ವರ್ಷಗಳಲ್ಲಿ. 2008ರ ಆಗಸ್ಟ್‌ನಲ್ಲಿ ಭಾರತಕ್ಕೆ ಬಂದ ಐಫೋನ್ 3ಜಿಯ ಕಡಿಮೆ ಸಂಗ್ರಹ ಸಾಮರ್ಥ್ಯದ ಮಾದರಿಗೂ 31,000 ರೂಪಾಯಿ ಬೆಲೆಯಿತ್ತು. ಗಣಿ ಕೂಲಿಗೂ ಕಂಪ್ಲಿಯ ರೈತನಿಗೂ ಅದು ಕೈಗೆಟುಕದ ಮಾತು. ಜನಸಾಮಾನ್ಯರ ಕೈಯಲ್ಲಿದ್ದುದು ‘ಬಟನ್ ಫೋನ್’ ಎಂದು ಕರೆಯಲಾಗುವ ಕೀಪ್ಯಾಡ್ ಮೊಬೈಲು. 2009ರಲ್ಲಿ ಆಂಡ್ರಾಯ್ಡ್ ಫೋನ್‌ಗಳು ಭಾರತದಲ್ಲಿ ಮಾರಾಟಕ್ಕೆ ಬಂದು, ಬೇಗನೆ ಅಗ್ಗವೂ ಆದವು. ಆದರೆ ಆರಂಭದ ಆವೃತ್ತಿಗಳಲ್ಲಿ ಕನ್ನಡ ಇರಲಿಲ್ಲ. ಕನ್ನಡ ಪುಟವನ್ನು ತೆರೆದರೆ ಕಾಣುತ್ತಿದ್ದುದು ಖಾಲಿ ಚೌಕಗಳ ಸಾಲು. ಫಾಂಟ್ ಇದ್ದರಷ್ಟೇ ಸಾಲದು. ಆರು ಘಟಕಗಳನ್ನು ಎರಡು ಅಕ್ಷರಗಳಾಗಿ ಬೆಸೆದು, ಒತ್ತನ್ನು ಕೆಳಗೂ ಗುಣಿತವನ್ನು ಮೇಲೂ ಕೂರಿಸುವ ‘ಅಕ್ಷರ ಸಂಯೋಜಕ’ ಎಂಬ ತಂತ್ರಾಂಶವೂ ಬೇಕು. ಅದು ಇಲ್ಲದ ಫೋನಿನಲ್ಲಿ ಕಂಪ್ಲಿಯ ಪಕಾರವೂ ಲಕಾರವೂ ಬೇರೆಬೇರೆಯಾಗಿ ನಿಂತು ಊರಿನ ಹೆಸರೇ ಒಡೆದುಹೋಗುತ್ತಿತ್ತು. ಆ ಕಾಲದ ಓದುಗರು ಕಂಡುಕೊಂಡ ಉಪಾಯವೆಂದರೆ ಒಪೆರಾ ಮಿನಿ ಎಂಬ ಬ್ರೌಸರ್: ಅದರ ಒಳಗಿನ ಸೆಟ್ಟಿಂಗ್ ಒಂದನ್ನು ಬದಲಿಸಿದರೆ, ಕಂಪನಿಯ ಸರ್ವರ್‌ನಲ್ಲೇ ಕನ್ನಡ ಪಠ್ಯವು ಚಿತ್ರವಾಗಿ ಮಾರ್ಪಟ್ಟು ಫೋನಿಗೆ ಬರುತ್ತಿತ್ತು. ಅಕ್ಷರಗಳು ಮಸುಕಾಗಿದ್ದರೂ ಕನ್ನಡ ಪತ್ರಿಕೆಗಳು ಸಣ್ಣ ಪರದೆಯಲ್ಲಿ ಓದಲು ದೊರೆತವು.

ಟ್ಯಾಬ್ಲೆಟ್‌ಗಳ ವಿಷಯದಲ್ಲೂ ಇದೇ ಕಥೆ ನಡೆಯಿತು. 2010ರಲ್ಲಿ ಆ್ಯಪಲ್ ಐಪ್ಯಾಡ್ ಅನ್ನು ಬಿಡುಗಡೆ ಮಾಡಿ ಕೈಬೆರಳಿನಿಂದ ಪುಟ ತಿರುವುವ ಓದಿನ ರೂಢಿಯನ್ನು ತಂದಿತು. 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗಾಗಿ ಸುಮಾರು 2,250 ರೂಪಾಯಿ ವೆಚ್ಚದ ‘ಆಕಾಶ್’ ಟ್ಯಾಬ್ಲೆಟನ್ನು ಅನಾವರಣಗೊಳಿಸಿತು. ಬಡವರ ಮಕ್ಕಳ ಕೈಗೂ ಪರದೆ ಸಿಗಬೇಕೆಂಬ ಆಶಯ ನಿಜಕ್ಕೂ ದೊಡ್ಡದು. ಆದರೆ ಅದರಲ್ಲಿದ್ದುದು ಕನ್ನಡ ಅರಿಯದ ಆಂಡ್ರಾಯ್ಡ್ 2.2. ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ತನ್ನ ಪಾಠವನ್ನು ತೋರಿಸಲಾರದ ಯಂತ್ರವು ಎಷ್ಟು ಅಗ್ಗವಾದರೂ ಅರ್ಧ ಯಂತ್ರವೇ ಸರಿ.

ಮುಂದಿನ ಐದಾರು ವರ್ಷಗಳೇ ಈ ಚರಿತ್ರೆಯ ತಿರುವು. 2012ರ ಆಂಡ್ರಾಯ್ಡ್ 4.1 ಆವೃತ್ತಿ ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲ ನೀಡಿತು, 2014ರ 5.0 ಆವೃತ್ತಿಯಿಂದ ಫೋನಿನ ಇಡೀ ಮೆನುವೇ ಕನ್ನಡದಲ್ಲಿ ದೊರೆಯತೊಡಗಿತು. ಅದೇ 2014ರ ಸೆಪ್ಟೆಂಬರ್‌ನಲ್ಲಿ ‘ಆಂಡ್ರಾಯ್ಡ್ ಒನ್’ ಯೋಜನೆಯ ಫೋನ್‌ಗಳು 6,399 ರೂಪಾಯಿಗೆ ಮಾರುಕಟ್ಟೆಗೆ ಬಂದವು. ಐಫೋನಿನಲ್ಲಿ ‘ಕನ್ನಡ ಸಂಗಮ್’ ಎಂಬ ಅಂದವಾದ ಫಾಂಟ್ ಮೊದಲೇ ಇದ್ದು ಓದು ಸಾಧ್ಯವಾಗಿದ್ದರೂ ಬರೆಯಲು ದಾರಿ ಇರಲಿಲ್ಲ. ಹೊರಗಿನವರ ಕೀಲಿಮಣೆಗೆ 2014ರ ಐಒಎಸ್ 8ರಲ್ಲಿ ಅನುಮತಿ ಸಿಕ್ಕಿ, ಆ್ಯಪಲ್‌ನ ಸ್ವಂತ ಕನ್ನಡ ಕೀಲಿಮಣೆ 2017ರ ಐಒಎಸ್ 11ರಲ್ಲಿ ಬಂದಿತು. ಅದೇ 2017ರಲ್ಲಿ ಬೆಂಗಳೂರಿನ ಪೀಣ್ಯದ ಕಾರ್ಖಾನೆಯಲ್ಲಿ ಐಫೋನ್‌ಗಳ ಜೋಡಣೆಯೂ ಆರಂಭವಾಯಿತು.

ಎರಡೂ ಪಕ್ಷಗಳ ಗುಣದೋಷಗಳನ್ನು ಇಲ್ಲಿ ನ್ಯಾಯವಾಗಿ ತೂಗಬೇಕು. ಆಂಡ್ರಾಯ್ಡ್‌ನ ಹಿರಿಮೆಯು ಅದರ ಮುಕ್ತತೆಯಲ್ಲಿದೆ: ಮೂಲ ಸಂಕೇತವು ತೆರೆದಿದ್ದುದರಿಂದ ಹತ್ತಾರು ಕಂಪನಿಗಳು ಅಗ್ಗದ ಫೋನ್ ಮಾಡಿದವು, ನುಡಿ ಮಾದರಿಯ ಕೀಲಿಮಣೆಯನ್ನೋ ಉಚ್ಚಾರಣೆಯ ಕೀಲಿಮಣೆಯನ್ನೋ ಯಾರು ಬೇಕಾದರೂ ಸಿದ್ಧಪಡಿಸಿ ಹಂಚಬಹುದಾಯಿತು. ಅದರ ಕೊರತೆಯೂ ಅಲ್ಲಿಯೇ ಇದೆ: ಕನ್ನಡ ಬೆಂಬಲವುಳ್ಳ ಹೊಸ ಆವೃತ್ತಿ ಹೊರಬಂದರೂ ಹಳೆಯ ಅಗ್ಗದ ಫೋನ್‌ಗಳಿಗೆ ಅದು ತಲುಪುತ್ತಿರಲಿಲ್ಲ, ಆದ್ದರಿಂದ ಒಂದೇ ಮನೆಯ ಎರಡು ಫೋನ್‌ಗಳಲ್ಲಿ ಒಂದು ಕನ್ನಡ ಓದುತ್ತಿತ್ತು, ಇನ್ನೊಂದು ಚೌಕ ತೋರಿಸುತ್ತಿತ್ತು. ಐಒಎಸ್ ತಡವಾಗಿ ಬಂದರೂ, ಬಂದ ಸೌಲಭ್ಯ ಹಲವು ವರ್ಷ ಹಳೆಯ ಐಫೋನ್‌ಗಳಿಗೂ ಒಂದೇ ಬಾರಿಗೆ ಸೇರಿತು. ಇದೇ ಐಒಎಸ್ 11ರಲ್ಲಿ ಉರ್ದುವಿಗೆ ಅದರ ಸಹಜವಾದ ಓರೆಬರಹದ ನಸ್ತಾಲೀಕ್ ಶೈಲಿಯೂ ದೊರೆತದ್ದು, ಕನ್ನಡದ ಜೊತೆಗೆ ಉರ್ದು, ತೆಲುಗುಗಳನ್ನೂ ಆಡುವ ಹೊಸಪೇಟೆಯಂತಹ ಊರಿನ ದೃಷ್ಟಿಯಿಂದ ಗಮನಾರ್ಹ. ಸಂಡೂರು ತಾಲ್ಲೂಕಿನ ತಾಂಡಾಗಳ ಲಂಬಾಣಿಗರ ಮಾತಿಗೆ ಸ್ವಂತ ಲಿಪಿಯಿಲ್ಲದೆ ಕರ್ನಾಟಕದಲ್ಲಿ ಅದನ್ನು ಕನ್ನಡ ಲಿಪಿಯಲ್ಲಿ ಬರೆಯುವುದರಿಂದ, ಕನ್ನಡಕ್ಕೆ ದೊರೆತ ಪ್ರತಿಯೊಂದು ಸೌಲಭ್ಯವೂ ಆ ಮಾತಿಗೂ ದೊರೆತಂತಾಯಿತು.

ಈ ಇಬ್ಬರ ನಡುವೆ ಮೂರನೆಯವರೂ ಬಂದುಹೋದರು. ನೋಕಿಯಾದ ಸಿಂಬಿಯನ್, ಬ್ಲ್ಯಾಕ್‌ಬೆರ್ರಿ, ವಿಂಡೋಸ್ ಫೋನ್‌ಗಳು ಒಂದೊಂದಾಗಿ ಮರೆಯಾದವು. 2017ರಲ್ಲಿ 1,500 ರೂಪಾಯಿಯ ಮರಳಿಸಬಹುದಾದ ಠೇವಣಿಗೆ ಬಂದ ಜಿಯೋಫೋನ್, ಕಾಯ್‌ಒಎಸ್ ಎಂಬ ಹಗುರ ವ್ಯವಸ್ಥೆಯ ಮೂಲಕ ಬಟನ್ ಫೋನಿಗೂ ವೇಗದ ಇಂಟರ್‌ನೆಟ್ ತಂದಿತು. ವೇದಿಕೆಗಳು ಅಳಿದರೂ ಯುನಿಕೋಡ್‌ನಲ್ಲಿ ಬರೆದಿಟ್ಟ ಕನ್ನಡ ಅಳಿಯಲಿಲ್ಲ, ಒಂದು ಫೋನಿನಿಂದ ಇನ್ನೊಂದಕ್ಕೆ ಹಾಗೆಯೇ ದಾಟಿತು. ಹಳೆಯ ಫಾಂಟ್‌ಗಳ ಕಾಲದ ಕಡತಗಳಿಗೆ ಈ ಭಾಗ್ಯವಿರಲಿಲ್ಲ. ಭಾರತೀಯ ಮಾನಕ ಸಂಸ್ಥೆ 2016ರಲ್ಲಿ ರೂಪಿಸಿದ ಐ.ಎಸ್. 16333ರ 3ನೆಯ ಭಾಗವು, ದೇಶದಲ್ಲಿ ಮಾರುವ ಪ್ರತಿಯೊಂದು ಮೊಬೈಲೂ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳನ್ನು ತೋರಿಸಬೇಕು, ಇಂಗ್ಲಿಷ್ ಮತ್ತು ಹಿಂದಿಯ ಜೊತೆಗೆ ಕನಿಷ್ಠ ಇನ್ನೊಂದು ಭಾರತೀಯ ಭಾಷೆಯಲ್ಲಿ ಬರೆಯಲು ಅವಕಾಶ ಕೊಡಬೇಕು ಎಂದು ವಿಧಿಸಿತು. ಕಂಪನಿಗಳ ಮರ್ಜಿಯಾಗಿದ್ದುದು ಇದರಿಂದ ಬಳಕೆದಾರರ ಹಕ್ಕಾಯಿತು. ಆದರೆ ಆ ‘ಇನ್ನೊಂದು’ ಭಾಷೆ ಕನ್ನಡವೇ ಆಗಿರಬೇಕೆಂಬ ನಿಯಮವಿಲ್ಲದ ಕಾರಣ ಬರೆಯುವ ಹಕ್ಕು ಓದುವ ಹಕ್ಕಿನಷ್ಟು ಗಟ್ಟಿಯಾಗಲಿಲ್ಲ.

ಇತ್ತೀಚಿನ ಘಟ್ಟದಲ್ಲಿ ಆಯ್ಕೆಯನ್ನು ನಿರ್ಧರಿಸುವ ಶಕ್ತಿಯಾಗಿ ಸರ್ಕಾರವೂ ಸೇರಿಕೊಂಡಿದೆ. 2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರವು ರೈತರೇ ತಮ್ಮ ಹೊಲದಲ್ಲಿ ನಿಂತು ಬೆಳೆಯ ಛಾಯಾಚಿತ್ರವನ್ನು ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ತಂದಾಗ, ರೈತರು ಅದನ್ನು ಆಂಡ್ರಾಯ್ಡ್‌ನ ಪ್ಲೇ ಸ್ಟೋರ್‌ನಿಂದ ಇಳಿಸಿಕೊಳ್ಳಬೇಕಾಯಿತು. 2021ರಿಂದ ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ತೂಕ, ಎತ್ತರ, ಹಾಜರಿಗಳನ್ನು ಪೋಷಣ್ ಟ್ರ್ಯಾಕರ್ ಎಂಬ ಆ್ಯಪ್‌ನಲ್ಲಿ ಮೊಬೈಲಿನ ಮೂಲಕವೇ ದಾಖಲಿಸುತ್ತಿದ್ದಾರೆ. ಪಹಣಿ, ಬೆಳೆ ಪರಿಹಾರ, ಪೌಷ್ಟಿಕ ಆಹಾರಗಳು ಒಂದು ಪರದೆಯ ಹಿಂದೆ ಸೇರಿದಾಗ ಮೊಬೈಲ್ ವೇದಿಕೆಯ ಆಯ್ಕೆಯು ಅಭಿರುಚಿಯ ವಿಷಯವಾಗಿ ಉಳಿಯುವುದಿಲ್ಲ, ಅದು ನಾಗರಿಕನ ಬದುಕಿನ ವಿಷಯವಾಗುತ್ತದೆ.

ನುಡಿ, ಬರಹ, ಕುವೆಂಪು ತಂತ್ರಾಂಶಗಳ ಕಾಲದಿಂದ ಆಂಡ್ರಾಯ್ಡ್–ಐಒಎಸ್‌ಗಳ ಕಾಲದವರೆಗಿನ ಈ ಚರಿತ್ರೆಯಿಂದ ಸ್ಪಷ್ಟವಾಗುವ ಸಂಗತಿಯೆಂದರೆ, ಕನ್ನಡಕ್ಕೆ ಒಳಿತಾದದ್ದು ಯಾವುದೋ ಒಂದು ಪಕ್ಷ ಗೆದ್ದುದರಿಂದಲ್ಲ. ಪೈಪೋಟಿಯು ಬೆಲೆಯನ್ನು ಇಳಿಸಿತು, ಸೌಲಭ್ಯವನ್ನು ಬೆಳೆಸಿತು. ಆದರೆ ಆ ಪೈಪೋಟಿ ಫಲ ಕೊಟ್ಟದ್ದು ಎಲ್ಲರಿಗೂ ಸಮಾನವಾದ ಸಂಕೇತವೂ ಎಲ್ಲರನ್ನೂ ಕಟ್ಟಿಹಾಕುವ ಮಾನಕವೂ ತಳದಲ್ಲಿ ನಿಂತ ಮೇಲೆಯೇ. ಆದುದರಿಂದ ಮುಂದಿನ ದಿನಗಳಲ್ಲಿ ಸರ್ಕಾರದ ಆ್ಯಪ್‌ಗಳು ಎಲ್ಲ ವೇದಿಕೆಗಳಲ್ಲೂ ಪೂರ್ಣ ಕನ್ನಡದಲ್ಲಿ ದೊರೆಯಬೇಕು, ಕೀಲಿಮಣೆಯ ಆಯ್ಕೆ ಬಳಕೆದಾರನ ಕೈಯಲ್ಲಿರಬೇಕು, ಮಾತನ್ನು ಬರಹವಾಗಿಸುವ ಹೊಸ ತಂತ್ರಗಳು ಬಳ್ಳಾರಿ ಸೀಮೆಯ ಕನ್ನಡವನ್ನೂ ಬೆಂಗಳೂರಿನ ಕನ್ನಡದಷ್ಟೇ ಚೆನ್ನಾಗಿ ಅರಿಯಬೇಕು. ಯಾವ ಮೊಬೈಲ್ ಉತ್ತಮ ಎಂಬ ವಾದವನ್ನು ಇನ್ನು ಮುಂದೆ ನಡೆಸುವವರು ಈ ಮೂರು ಬೇಡಿಕೆಗಳನ್ನು ಎರಡೂ ಕಂಪನಿಗಳ ಮುಂದೆಯೂ ಸರ್ಕಾರದ ಮುಂದೆಯೂ ಇಟ್ಟು ವಾದಿಸಿದರೆ ಆ ಚರ್ಚೆ ಕಂಪ್ಲಿಯ ರೈತನಿಗೂ ಸಂಡೂರಿನ ತಾಂಡಾದ ವಿದ್ಯಾರ್ಥಿನಿಗೂ ಉಪಯೋಗಕ್ಕೆ ಬರುತ್ತದೆ.